ಅಗಸೆಯ ಗೂಡಿನಲ್ಲಿ ಉಳಿದ ದನಿ

ಆ ಊರಿನಿಂದ ದಂಡಿಗೆ ಹೋಗುವವರು ತಮ್ಮ ದನಿಯನ್ನು ಊರಲ್ಲೇ ಬಿಟ್ಟು ಹೋಗಬೇಕಿತ್ತು. ಯಾರು ಮಾಡಿದ ಕಟ್ಟಳೆ, ಯಾವ ಕಾಲದ್ದು, ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆ ಹಿರಿಯರು ಒಂದೇ ಉತ್ತರ ಕೊಡುತ್ತಿದ್ದರು. ದಂಡಿಗೆ ಹೋದ ದನಿ ಅಲ್ಲಿ ಚೀರುವುದನ್ನು ಕಲಿಯುತ್ತದೆ, ಚೀರುವುದನ್ನು ಕಲಿತ ದನಿ ಮನೆಗೆ ಬಂದು ತೊಟ್ಟಿಲ ಮುಂದೆ ಚೀರುತ್ತದೆ, ಅದಕ್ಕೇ ದನಿ ಇಲ್ಲೇ ಇರಲಿ, ಮೈ ಮಾತ್ರ ಹೋಗಲಿ ಅಂತ. ಕೇಳಲಿಕ್ಕೆ ಎಷ್ಟು ಚೆಂದ ಇದೆ ನೋಡಿ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಮಾತು ಯಾವಾಗಲೂ ಚೆಂದವೇ ಇರುತ್ತದೆ.

ಹೋಗುವ ದಿನ ಅಗಸೆಯಲ್ಲಿ, ಅಂದರೆ ಊರಿನ ಹೆಬ್ಬಾಗಿಲಲ್ಲಿ, ಕುಂಬಾರಗಿತ್ತಿ ಒಂದು ಸಣ್ಣ ಕುಡಿಕೆ ಹಿಡಿದು ನಿಲ್ಲುತ್ತಿದ್ದಳು. ಹೋಗುವವನು ಕುಡಿಕೆಯ ಬಾಯಿಗೆ ಬಾಯಿ ಹಚ್ಚಿ ಕೊನೆಯದಾಗಿ ಏನಾದರೂ ಒಂದು ಮಾತು ಆಡಬೇಕು. ಅವನು ಆಡುವಾಗ ಮನೆಯವರು ಬೆನ್ನು ತಿರುಗಿಸಿ ದೂರ ನಿಲ್ಲಬೇಕು, ಕೇಳಬಾರದು. ಮಾತು ಒಳಗೆ ಹೋದ ಕೂಡಲೇ ಕುಂಬಾರಗಿತ್ತಿ ಹಸಿ ಮಣ್ಣು ಮೆತ್ತಿ ಬಾಯಿ ಮುಚ್ಚುವಳು. ಅವನಿಗಾಗಿ ಕಾಯುವ ಹೆಂಗಸು, ತಾಯಿಯೋ ಹೆಂಡತಿಯೋ, ಬಂದು ತನ್ನ ಕೈಬಳೆಯನ್ನು ಆ ಹಸಿ ಮಣ್ಣಿಗೆ ಒತ್ತುವಳು. ಆಮೇಲೆ ಕುಡಿಕೆ ಅಗಸೆಯ ಗೋಡೆಯ ಗೂಡು ಸೇರುವುದು. ಅಲ್ಲಿಂದ ಮುಂದೆ ಅವನು ಮೂಕ. ತಿರುಗಿ ಬಂದರೆ ಮಣ್ಣು ಒಡೆದು ತನ್ನ ದನಿಯನ್ನು ತಾನು ಕುಡಿಯುತ್ತಾನೆ. ಬಾರದಿದ್ದರೆ ಕುಡಿಕೆಯನ್ನು ಒಡೆಯದೆ ಹೂಳುತ್ತಾರೆ, ಹೂತ ದನಿ ಯಾರಿಗೂ ಕೇಳಿಸುವುದಿಲ್ಲ.

ಈಗ ಕತೆಗೆ ಬರೋಣ. ಆ ಊರಿನಲ್ಲಿ ಒಬ್ಬ ದಂಡಿನವನಿದ್ದ. ದಂಡಿಗೆ ಹೋಗಿ ಬಂದು ಒಂದು ತಲೆಮಾರೇ ಕಳೆದು ಹೋಗಿದ್ದರೂ ಜನ ಅವನನ್ನು ಹಾಗೇ ಕರೆಯುತ್ತಿದ್ದರು. ಬಂದ ಮೇಲೆ ಅವನು ಮಾಡಿದ್ದೆಲ್ಲ ಮಾಳಿಗೆಯ ಕೆಲಸ. ಆ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹರಡಿ ತುಳಿದು ಬಡಿಯಬೇಕು, ಇಲ್ಲದಿದ್ದರೆ ಮಳೆ ಮನೆಯೊಳಗೇ ಸಂಸಾರ ಹೂಡುತ್ತದೆ. ಯಾರು ಕರೆದರೂ ಅವನು ಹೋಗುತ್ತಿದ್ದ, ಕರೆಯದಿದ್ದರೂ ಹೋಗುತ್ತಿದ್ದ. ಊರಿನ ಅರ್ಧ ಜನ ಅವನು ತುಳಿದ ಮಣ್ಣಿನ ಕೆಳಗೇ ನಿದ್ದೆ ಮಾಡಿ ದೊಡ್ಡವರಾದವರು.

ಒಂದು ದಿನ ಬಿಸಿಲು ಏರುವ ಹೊತ್ತಿಗೆ ಯಾರದೋ ಮಾಳಿಗೆಯಿಂದ ಇಳಿದು ಮನೆಗೆ ಬಂದ. ಕಟ್ಟೆಯ ಮೇಲೆ ಕುಳಿತು, "ಕೇಳಿಸಿತೇನ?" ಅಂದ. ಹೆಂಡತಿಯನ್ನು ಅವನು ಕರೆಯುತ್ತಿದ್ದುದೇ ಹಾಗೆ. ಆಕೆ ನೀರಿನ ತಂಬಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಗೋಡೆಗೆ ಒರಗಿದ್ದ, ಉಸಿರು ಇರಲಿಲ್ಲ. ಆಕೆ ತಂಬಿಗೆಯನ್ನು ಅವನ ಪಕ್ಕದಲ್ಲಿ ಇಟ್ಟು ತಾನೂ ಕುಳಿತಳು.

ಅಳು ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಳುವಿನ ಜೊತೆಗೆ ಇನ್ನೊಂದು ಯೋಚನೆಯೂ ಬಂತು, ಅದು ಬಂದುದಕ್ಕೆ ಆಕೆಗೆ ನಾಚಿಕೆಯೂ ಆಯಿತು. ಇನ್ನು ಅಗಸೆಯ ಗೂಡಿನಲ್ಲಿರುವ ಆ ಕುಡಿಕೆಯನ್ನು ಒಡೆಯುತ್ತಾರೆ. ಇಷ್ಟು ಕಾಲ ಕಾದಿದ್ದಕ್ಕೆ ನನ್ನ ಗಂಡನ ದನಿ ನನಗೆ ಒಂದು ಸಲ ಕೇಳಿಸುತ್ತದೆ.

ಏಕೆಂದರೆ ಆ ಹೆಂಗಸು ಮದುವೆಯಾದದ್ದು ಒಂದು ದನಿಯನ್ನು, ಸಂಸಾರ ಮಾಡಿದ್ದು ಇನ್ನೊಂದು ದನಿಯ ಜೊತೆ.

ಮದುವೆಯಾದ ಹೊಸತರಲ್ಲಿ ಅವನು ಓಣಿಯ ಆ ತುದಿಗೆ ಕಾಲಿಡುವಾಗಲೇ ಅವಳ ಹೆಸರು ಹಿಡಿದು ಕೂಗುತ್ತಿದ್ದ. ಆಕೆ ಒಲೆಯ ಮುಂದಿನಿಂದಲೇ "ಓ" ಅನ್ನುತ್ತಿದ್ದಳು. ಓಣಿಯವರಿಗೆಲ್ಲ ಅದೊಂದು ನಗೆ. ಹೆಂಡತಿಯ ಹೆಸರು ಹಿಡಿದು ಊರಿಗೆಲ್ಲ ಕೇಳುವಂತೆ ಕೂಗುವ ಗಂಡನನ್ನು ಅವರು ಕಂಡಿರಲಿಲ್ಲ. ಎಲ್ಲಿ ತಪ್ಪಿಸಿಕೊಂಡು ಹೋಗುತ್ತಾಳೋ ಅಂತ ಹೆದರಿಕೆಯೇನೋ ತಮ್ಮಾ, ಎಂದು ಕಾಡುತ್ತಿದ್ದರು. ಅವನು ನಕ್ಕು ಮತ್ತೊಮ್ಮೆ ಕೂಗುತ್ತಿದ್ದ, ಆಕೆ ಮತ್ತೊಮ್ಮೆ ಓಗೊಡುತ್ತಿದ್ದಳು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿ ಬರುವ ತನಕ ಅದು ನಡೆಯಿತು. ಆಮೇಲೆ ದಂಡಿನ ಕರೆ ಬಂತು.

ಅವತ್ತು ಅಗಸೆಯಿಂದ ಹೋದವರು ಇಬ್ಬರು, ಅವನು ಮತ್ತು ಅವನ ಗೆಳೆಯ. ಒಂದೇ ರೊಟ್ಟಿಯನ್ನು ಮುರಿದು ತಿಂದು ಬೆಳೆದವರು. ಇವನ ಕುಡಿಕೆಗೆ ಹೆಂಡತಿ ಬಳೆ ಒತ್ತಿದಳು, ಗೆಳೆಯನ ಕುಡಿಕೆಗೆ ಅವನ ಅವ್ವ ಒತ್ತಿದಳು. ಕುಂಬಾರಗಿತ್ತಿ ಅಕ್ಕಪಕ್ಕ ಇಟ್ಟಳು. ಹೆಂಡತಿ ಅಂದಿನಿಂದ ದಿನಾ ಸಂಜೆ ಗೂಡಿಗೆ ಬಂದು ಹಣತೆ ಹಚ್ಚಿ, ಕುಡಿಕೆಯ ಧೂಳು ಒರೆಸಿ, ಮೇಲಿನ ಮಣ್ಣಿನಲ್ಲಿ ತನ್ನ ಬಳೆಯ ಗುರುತನ್ನು ಬೆರಳಿನಿಂದ ಮುಟ್ಟಿ ಹೋಗುತ್ತಿದ್ದಳು. ಹಣತೆಯ ಮಸಿ ಹತ್ತಿ ಎರಡು ಕುಡಿಕೆಗಳೂ ಕರ್ರಗಾದವು, ಕಣ್ಣಿಗೆ ಯಾವುದು ಯಾರದು ತಿಳಿಯುತ್ತಿರಲಿಲ್ಲ. ಬೆರಳಿಗೆ ಮಾತ್ರ ತಿಳಿಯುತ್ತಿತ್ತು.

ಕಾಲ ಕಳೆದು ದಂಡು ತಿರುಗಿತು. ಬಂದವನು ಒಬ್ಬನೇ.

ಊರೆಲ್ಲ ಅಗಸೆಯಲ್ಲಿ ಸೇರಿತ್ತು. ಹೆಂಡತಿ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಗೆಳೆಯನ ಅವ್ವ ದಾರಿಯನ್ನೇ ನೋಡುತ್ತಾ ನಿಂತಿದ್ದಳು, ಒಬ್ಬನೇ ಬಂದುದನ್ನು ಕಂಡ ಮೇಲೂ ದಾರಿಯನ್ನೇ ನೋಡುತ್ತಿದ್ದಳು. ಕುಂಬಾರಗಿತ್ತಿ ಗೂಡಿನ ಹತ್ತಿರ ಹೋದಳು, ಅವನೂ ಹೋದ, ಜನರ ಬೆನ್ನುಗಳ ನಡುವೆ ಯಾರಿಗೂ ಏನೂ ಕಾಣಿಸಲಿಲ್ಲ. ಮಣ್ಣು ಒಡೆದ ಸಪ್ಪಳ ಕೇಳಿಸಿತು. ಆಮೇಲೆ ಅವನು ಬಾಯಿ ತೆರೆದು, "ಅವ್ವಾ" ಅಂದ.

ಗಡಸು ದನಿ, ಮಾತಿನ ಕೊನೆಗೆ ಒಂದಿಷ್ಟು ಎಳೆತ. ಅದು ಗೆಳೆಯನ ದನಿ. ಆರತಿಯ ತಟ್ಟೆ ಹೆಂಡತಿಯ ಕೈಯಿಂದ ಜಾರಿತು. ದಾರಿ ನೋಡುತ್ತಿದ್ದ ಮುದುಕಿ ಈ ಕಡೆ ತಿರುಗಿದಳು.

ಊರು ಕುಂಬಾರಗಿತ್ತಿಯ ಮೇಲೆ ಬಿತ್ತು. ಆಕೆ ತಲೆ ತಗ್ಗಿಸಿ, ಮಸಿ ಹತ್ತಿತ್ತು, ಕೈ ತಪ್ಪಿತು ಅಂದಳು. ಅಷ್ಟೇ, ಬೇರೆ ಏನೂ ಹೇಳಲಿಲ್ಲ. ಒಂದು ಮೈಗೆ ಒಂದೇ ದನಿ, ಒಮ್ಮೆ ಕುಡಿದರೆ ಮುಗಿಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವುದು ಸುಮ್ಮನೆಯೇ? ಇನ್ನೊಂದು ಕುಡಿಕೆಯನ್ನು ಏನು ಮಾಡುವುದು ಎಂದು ಹಿರಿಯರು ತಲೆ ಕೆಡಿಸಿಕೊಂಡರು. ಅದರ ಒಡೆಯ ಬದುಕಿ ಬಂದಿದ್ದಾನೆ, ಹೂಳುವಂತಿಲ್ಲ. ಬೇರೆ ದನಿ ಕುಡಿದಿದ್ದಾನೆ, ಒಡೆಯುವಂತಿಲ್ಲ. ಕೊನೆಗೆ, ಗೂಡಿನಲ್ಲೇ ಇರಲಿ, ಅವನು ಸತ್ತ ದಿನ ಅವನ ಮುಂದೆ ಒಡೆದರಾಯಿತು, ಒಳಗಿನ ಒಂದು ಮಾತು ಆಡಿ ದನಿ ಅವನ ಜೊತೆ ಹೋಗುತ್ತದೆ ಎಂದರು. ಕುಂಬಾರಗಿತ್ತಿಯಿಂದ ಅಗಸೆಯ ಕೆಲಸ ಕಿತ್ತುಕೊಂಡರು, ಮುಂದಿನ ಕುಡಿಕೆಗಳು ಬೇರೆ ಊರಿನಿಂದ ಬಂದವು. ಮದುವೆಯ ಮನೆಗೆ ಶಾಸ್ತ್ರಕ್ಕೆ ಬೇಕಾದ ಐರಾಣಿ ಗಡಿಗೆಯನ್ನೂ ಆಕೆಯಿಂದ ಯಾರೂ ಒಯ್ಯದಾದರು. ದಂಡಿನವನ ಹೆಂಡತಿಯಂತೂ, ನನ್ನ ಹೊಸ್ತಿಲು ತುಳಿದರೆ ಕಾಲು ಮುರಿದೇನು ಎಂದು ಎಲ್ಲರ ಎದುರಿಗೆ ಅಂದಳು. ಅಂದಂತೆ ನಡೆದುಕೊಂಡಳು ಕೂಡ.

ಅಲ್ಲಿಂದ ಶುರುವಾಯಿತು ಆ ಸಂಸಾರ. ಮೊದಮೊದಲು ಅವನು ಮಾತಾಡಿದರೆ ಆಕೆ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು, ಪರಗಂಡಸು ಮನೆಯೊಳಗೆ ಬಂದು ಮಾತಾಡಿದಂತೆ ಆಗುತ್ತಿತ್ತು. ಅವನು ಅದನ್ನು ಕಂಡು ಮಾತು ಕಡಿಮೆ ಮಾಡಿದ. ಮಗಳು ಹುಟ್ಟಿದಳು, ಆಮೇಲೆ ಮಗ ಹುಟ್ಟಿದ. ತೊಟ್ಟಿಲ ಮುಂದೆ ಕುಳಿತು ಅವನು ಜೋಗುಳ ಹಾಡಿದ, ಎಳೆತದ ದನಿ ಜೋಗುಳಕ್ಕೆ ಚೆನ್ನಾಗಿಯೇ ಒಗ್ಗಿತು. ಮಗಳಿಗೆ ಜಡೆ ಹೆಣೆದ, ದಂಡಿನಲ್ಲಿ ಹಗ್ಗ ಹೆಣೆದಂತೆ ಬಿಗಿಯಾಗಿ ಹೆಣೆದು ಅವಳನ್ನು ಅಳಿಸಿದ, ಅಳುವಾಗ ಬಿಚ್ಚಿ ಮತ್ತೆ ಸಡಿಲವಾಗಿ ಹೆಣೆದ. ಕೋಳಿ ಕೂಗುವ ಮುಂಚೆ ಎದ್ದು ಕಂಬಳಿಯನ್ನು ಚೌಕವಾಗಿ ಮಡಿಸಿಡುತ್ತಿದ್ದ. ಬಾಗಿಲಿಗೆ ಬೆನ್ನು ಹಾಕಿ ಎಂದೂ ಕೂರಲಿಲ್ಲ. ಊಟಕ್ಕೆ ಕುಳಿತರೆ ರೊಟ್ಟಿಯನ್ನು ಮುರಿದು ಅರ್ಧ ತಿಂದು ಅರ್ಧವನ್ನು ಗಂಗಾಳದ ಅಂಚಿಗೆ ಇಡುತ್ತಿದ್ದ. ಅನ್ನ ಬಿಡುವವರನ್ನು ಕಂಡರೆ ಆಗದ ಆಕೆ ಮೊದಲು ಗೊಣಗಿದಳು, ಆಮೇಲೆ ಸುಮ್ಮನೆ ಆ ಅರ್ಧವನ್ನು ತಾನು ತಿಂದಳು. ಕೊನೆಯವರೆಗೂ ತಿಂದಳು.

ಸಂಜೆ ಮನೆಗೆ ಬರುವ ಮುಂಚೆ ಅವನು ಗೆಳೆಯನ ಅವ್ವನ ಕಟ್ಟೆಯ ಮೇಲೆ ಕೂರುತ್ತಿದ್ದ. "ಅವ್ವಾ, ಉಂಡೇನ?" ಎನ್ನುತ್ತಿದ್ದ. ಮುದುಕಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಉಂಡೆನಪ್ಪಾ, ನೀ ಉಣ್ಣು ಹೋಗು, ಅನ್ನುತ್ತಿದ್ದಳು. ಅದಿಷ್ಟು ಆಗದೆ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ಹೆಂಡತಿ ತನ್ನ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದಳು. ಆ ಕುಂಬಾರಗಿತ್ತಿಯ ಒಂದು ತಪ್ಪಿನಿಂದ ಆ ಮನೆಗೆ ಮಗ ಬಂದ, ಈ ಮನೆಗೆ ಗಂಡ ಬರಲಿಲ್ಲ ಎಂದುಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚು ಎನ್ನಿ, ನೋವು ಎನ್ನಿ, ಒಂದೇ ಮಡಕೆಯಲ್ಲಿ ಎರಡೂ ಬೇಯುತ್ತಿದ್ದವು. ಮುದುಕಿ ತೀರಿಕೊಂಡಾಗ ಮಣ್ಣು ಕೊಟ್ಟವನೂ ಇವನೇ.

ಎಲ್ಲಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು. ಅವನು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಎಮ್ಮೆಯನ್ನು ಹೆಸರು ಹಿಡಿದು ಕರೆಯುತ್ತಿದ್ದ. ಓಣಿಯ ನಾಯಿಗೂ ಅವನು ಇಟ್ಟ ಹೆಸರಿತ್ತು. ಹೆಂಡತಿಯ ಹೆಸರು ಮಾತ್ರ ದಂಡಿನಿಂದ ಬಂದ ಮೇಲೆ ಅವನ ಬಾಯಿಂದ ಒಂದು ಸಲವೂ ಬರಲಿಲ್ಲ. ಏನಿದ್ದರೂ "ಕೇಳಿಸಿತೇನ?" ಎಮ್ಮೆಗಿಂತ ಕಡೆಯಾದೆನಲ್ಲ ಅಂತ ಆಕೆ ಒಲೆಯ ಮುಂದೆ ಕುಳಿತು ಎಷ್ಟು ಸಲ ಮೂಗು ಒರೆಸಿಕೊಂಡಳೋ. ಕರೆದರೆ ಎದ್ದು ಬರುತ್ತಿದ್ದಳು, ಕೆಲಸ ಮಾಡಿಕೊಡುತ್ತಿದ್ದಳು, "ಓ" ಎಂದು ಮಾತ್ರ ಅನ್ನಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಜಗಳವೂ ಆಗಲಿಲ್ಲ, ಅದಕ್ಕೇ ಮುಗಿಯಲೂ ಇಲ್ಲ.

ದಿನಾ ಸಂಜೆ ಆಕೆ ಅಗಸೆಗೆ ಹೋಗುವುದನ್ನೂ ಬಿಡಲಿಲ್ಲ. ಗಂಡ ಮನೆಯಲ್ಲಿ ಇರುವಾಗ ಗಂಡನ ಕುಡಿಕೆಗೆ ಹಣತೆ ಹಚ್ಚುತ್ತಿದ್ದಳು, ಧೂಳು ಒರೆಸುತ್ತಿದ್ದಳು, ಮಸಿಯ ಕೆಳಗಿನ ಬಳೆಯ ಗುರುತನ್ನು ಬೆರಳಿನಿಂದ ಮುಟ್ಟುತ್ತಿದ್ದಳು. ಒಳಗೆ ಏನಿದೆಯೋ, ಯಾವ ಮಾತು ಇಟ್ಟು ಹೋದನೋ. ಅವನು ಇರುವ ತನಕ ಅದು ಕೇಳಿಸುವುದಿಲ್ಲ, ಅದು ಕೇಳಿಸುವ ಹೊತ್ತಿಗೆ ಅವನು ಇರುವುದಿಲ್ಲ. ಇಂಥ ಕಷ್ಟವನ್ನು ಯಾವ ದೇವರಿಗೆ ಹೇಳಿಕೊಳ್ಳುವುದು?

ಅಂಥ ದಿನ ಈಗ ಬಂದಿತ್ತು.

ಆ ಊರಿನಲ್ಲಿ ಸತ್ತವರ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಹಿಡಿ ಮಣ್ಣು ತರುತ್ತಾರೆ. ಹೆಣದ ಮುಂದೆ ನಿಂತು, ಸತ್ತವನು ತಮಗೆ ಎಂದಾದರೂ ಆಡಿದ್ದ ಒಂದು ಮಾತನ್ನು ಅವನಿಗೇ ಒಪ್ಪಿಸಿ, ಮಣ್ಣನ್ನು ಮೊರಕ್ಕೆ ಹಾಕುತ್ತಾರೆ. ಹೊಗಳಬಾರದು, ತೆಗಳಬಾರದು, ಸೇರಿಸಬಾರದು. ಆಡಿದ್ದನ್ನು ಆಡಿದ ಹಾಗೆ ಹೇಳಬೇಕು. ಆ ಮಣ್ಣಿನಿಂದಲೇ ಕುಣಿ ಮುಚ್ಚುತ್ತಾರೆ. ಎಲ್ಲರೂ ಒಪ್ಪಿಸಿ ಮುಗಿಯುವ ತನಕ ಹೆಣ ಎತ್ತುವಂತಿಲ್ಲ, ಹೆಂಡತಿಯ ಮಾತು ಮಾತ್ರ ಎಲ್ಲರಿಗಿಂತ ಕೊನೆಗೆ, ಹೆಣ ಅಗಸೆಗೆ ಬಂದ ಮೇಲೆ.

ಜನ ಬಂದರು, ಒಬ್ಬರ ಹಿಂದೆ ಒಬ್ಬರು. ಒಬ್ಬಳು, ನಿಮ್ಮ ಮಾಳಿಗೆ ಸೋರಿದರೆ ನನಗೆ ನಿದ್ದೆ ಹತ್ತುವುದಿಲ್ಲ ತಂಗೀ ಅಂದಿದ್ದ ಎಂದಳು. ಒಬ್ಬ, ಹೊಡೆಯಬೇಡವೋ ಎತ್ತಿಗೆ, ಅದಕ್ಕೆ ಬಾಯಿಲ್ಲ ಅಂದಿದ್ದ ಎಂದ. ದಂಡಿನಲ್ಲಿ ಏನು ಕಂಡೆ ಮಾವಾ ಎಂದು ಚಿಕ್ಕಂದಿನಲ್ಲಿ ಕೇಳಿದ್ದ ಇನ್ನೊಬ್ಬನಿಗೆ ಅವನು, ಅಲ್ಲಿಯೂ ಮಣ್ಣೇ ಇತ್ತು ಅಂದಿದ್ದನಂತೆ. ಮಗ, ನಾನು ಬಿದ್ದಾಗಲೆಲ್ಲ ಎದ್ದೇಳು ಅನ್ನಲಿಲ್ಲ, ಎಲ್ಲಿದ್ದೀಯಾ ಅನ್ನುತ್ತಿದ್ದ ಎಂದು ಹೇಳಿ ಅತ್ತ. ಮಗಳು, ಬಿಗಿಯಾಯಿತೇನ ಮಗಾ ಎಂಬ ಮಾತನ್ನು ಒಪ್ಪಿಸಿದಳು, ಜಡೆಯ ಮಾತು. ಅವರೆಲ್ಲ ಅವನ ಮಾತನ್ನು ಅವನ ಎಳೆತದಲ್ಲೇ ಹೇಳಿದರು, ಅವರಿಗೆ ಗೊತ್ತಿದ್ದದ್ದು ಅದೊಂದೇ. ಮೊರ ತುಂಬಿತು. ಹೆಂಡತಿ ಎಲ್ಲವನ್ನೂ ಕೇಳಿದಳು, ಅಷ್ಟರಲ್ಲೂ ಮನಸ್ಸು ಅಗಸೆಯ ಕಡೆಗೇ ಓಡುತ್ತಿತ್ತು.

ಎತ್ತೋಣವೇ ಎಂದು ಮಗ ಕೇಳಿದ. ಊರ ಹಿರಿಯ ತಲೆ ಅಲ್ಲಾಡಿಸಿದ. ದಂಡಿನವನ ಹೆಂಡತಿಯ ಹತ್ತಿರ ಬಗ್ಗಿ, "ಹೊರಗ ಒಬ್ಬಾಕಿ ಉಳದಾಳ, ತಂಗಿ. ನಿನ್ನ ಹೊಸ್ತಿಲ ದಾಟಾಕ ಹೆದರಿ ನಿಂತಾಳ" ಅಂದ.

ಕುಂಬಾರಗಿತ್ತಿ ಬೀದಿಯಲ್ಲಿ ನಿಂತಿದ್ದಳು. ಬೆನ್ನು ಬಾಗಿತ್ತು, ಮುಷ್ಟಿಯಲ್ಲಿ ಮಣ್ಣಿತ್ತು. ಹೆಂಡತಿಗೆ ಮೈಯೆಲ್ಲ ಬೆಂಕಿ ಹತ್ತಿತು. ಇವಳಿಗೆ ಏನು ಮಾತು ಆಡಿರುತ್ತಾನೆ ಅವನು, ಇವಳಿಂದಲೇ ಅಲ್ಲವೇ ಎಲ್ಲ ಆದದ್ದು? ಆದರೆ ಇವಳು ಒಪ್ಪಿಸದೆ ಹೆಣ ಏಳುವುದಿಲ್ಲ, ಹೆಣ ಏಳದೆ ಕುಡಿಕೆ ಒಡೆಯುವುದಿಲ್ಲ. ಆಕೆ ಮುಖ ತಿರುಗಿಸಿಕೊಂಡೇ, ಒಳಗೆ ಬರಲಿ ಅಂದಳು.

ಕುಂಬಾರಗಿತ್ತಿ ಬಂದು ಹೆಣದ ಮುಂದೆ ನಿಂತಳು. ದಂಡು ತಿರುಗಿದ ಆ ದಿನವನ್ನು ಹೇಳಿದಳು. ಅವತ್ತು ಆಕೆ ಅವನ ಕೈಗೆ ಕೊಟ್ಟದ್ದು ಅವನದೇ ಕುಡಿಕೆ. ಅವನು ಮೇಲಿನ ಮಣ್ಣನ್ನು ಬೆರಳಿನಿಂದ ಮುಟ್ಟಿದ, ಬಳೆಯ ಗುರುತನ್ನು ಸುತ್ತ ಸವರಿದ, ಸವರಿ ಹಿಂದಕ್ಕೆ ಇಟ್ಟ. ಇನ್ನೊಂದನ್ನು ತೆಗೆದುಕೊಂಡ. ಬೇಡ ಅನ್ನುವಷ್ಟರಲ್ಲಿ ಒಡೆದು ಕುಡಿದಿದ್ದ. ಮೊದಲ ಮಾತು ಮುದುಕಿಗೆ ಆಡಿದ. ಎರಡನೆಯದು, ಗದ್ದಲದ ನಡುವೆ, ಕುಂಬಾರಗಿತ್ತಿಯ ಕಿವಿಯಲ್ಲಿ ಆಡಿದ.

"ಕೊಟ್ಟದ್ದು ಅಂದ್ರ ಮುದುಕಿ ಇಸಗೊಳ್ಳೂದಿಲ್ಲ, ತಪ್ಪಿ ಬಂದದ್ದು ಅಂದ್ರ ಇಟಗೋತಾಳ. ಆ ತಪ್ಪು ನೀ ಹೊರತೀಯೇನು ಅಂದ. ಹೊರತೀನಿ ಅಂದೆ."

ಹೆಂಡತಿ ತನ್ನ ಬೆರಳನ್ನು ನೋಡಿಕೊಂಡಳು. ದಿನಾ ಸಂಜೆ ಮಸಿಯ ಕೆಳಗೆ ಬಳೆಯನ್ನು ಹುಡುಕಿ ಮುಟ್ಟಿದ ಬೆರಳು. ನನ್ನ ಬೆರಳಿಗೆ ತಿಳಿದದ್ದು ಅವನ ಬೆರಳಿಗೆ ತಿಳಿಯದೇ ಇರುತ್ತಿತ್ತೇ? ಇಷ್ಟು ಕಾಲ ಮುಟ್ಟಿದರೂ ಈ ಒಂದು ಪ್ರಶ್ನೆಯನ್ನು ನಾನು ಯಾಕೆ ಕೇಳಿಕೊಳ್ಳಲಿಲ್ಲ? ಕೇಳಿಕೊಳ್ಳಲು ಧೈರ್ಯವಿರಲಿಲ್ಲ, ಅದೇ ನಿಜ. ಇವಳನ್ನು ಬೈಯುವುದು ಸುಲಭವಾಗಿತ್ತು.

"ಆ ದನಿ ನಂದಾಗಿತ್ತು" ಅಂದಳು ಆಕೆ. "ನನ್ನ ಕೇಳದ ಹ್ಯಾಂಗ ಕೊಟ್ಟ?"

ಆಮೇಲೆ ಎಂದೋ ಅವನೇ ತನಗೆ ಹೇಳಿದ್ದ ಉಳಿದದ್ದನ್ನೂ ಕುಂಬಾರಗಿತ್ತಿ ಹೇಳಿದಳು. ಗೆಳೆಯ ಬಿದ್ದದ್ದು ದೂರ ಎಲ್ಲೋ ಅಲ್ಲ. ಒಂದು ದಿಬ್ಬದ ಆ ಮಗ್ಗುಲಿಗೆ ಅವನು ಬಿದ್ದಿದ್ದ, ಈ ಮಗ್ಗುಲಿಗೆ ಇವನು ಕುಳಿತು ಇಬ್ಬರಿಗೂ ಅಂತ ರೊಟ್ಟಿ ಮುರಿದು ಕಾಯುತ್ತಿದ್ದ. ಕೂಗಿದ್ದರೆ ಕೇಳಿಸುವಷ್ಟು ದೂರ. ಕೂಗಲಿಕ್ಕೆ ಅವನಿಗೆ ದನಿ ಇರಲಿಲ್ಲ, ಅದು ಇಲ್ಲಿ ಗೂಡಿನಲ್ಲಿತ್ತು, ಅದರ ಮುಂದೆ ಅವನ ಅವ್ವ ಹಣತೆ ಹಚ್ಚುತ್ತಿದ್ದಳು. ಇವನು ಎದ್ದು ಹುಡುಕಿಕೊಂಡು ಹೋಗುವ ಹೊತ್ತಿಗೆ ಮುಗಿದಿತ್ತು. ಬಾಯಿ ಮಾತ್ರ ತೆರೆದೇ ಇತ್ತು.

ಹಿರಿಯ ಮುಖ ಕೆಳಗೆ ಹಾಕಿದ. ಹಾಕಲಿ. ಕಟ್ಟಳೆ ಕಾಯ್ದವರು ಒಂದು ದಿನವಾದರೂ ನೆಲ ನೋಡಬೇಕು.

ಹೆಂಡತಿ ಗಂಗಾಳದ ಅಂಚಿನ ಅರ್ಧ ರೊಟ್ಟಿಯನ್ನು ನೆನೆದಳು. ತಾನು ಇಷ್ಟು ಕಾಲ ಯಾರ ಪಾಲು ತಿಂದೆ ಅಂತ ಈಗ ತಿಳಿಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಮುದುಕಿ ಹೋದ ಮೇಲಾದರೂ ಹೇಳಬಹುದಿತ್ತಲ್ಲ ಅಂದಳು.

"ಹೇಳು ಅಂತ ನಾನೂ ಅಂದಿದ್ದೆ" ಅಂದಳು ಕುಂಬಾರಗಿತ್ತಿ. "ತಪ್ಪು ಅಂತ ತಿಳಕೊಂಡು ನಿನ್ನ ಬೈತಾಳ, ಖರೇ ತಿಳದರ ನನ್ನ ಬಿಟ್ಟು ಹೋಗ್ತಾಳ ಅಂದ. ದಂಡಿನ್ಯಾಗ ಹೆದರದವ ನಿನಗ ಹೆದರಿದ್ದ, ತಂಗಿ."

ಮಣ್ಣನ್ನು ಮೊರಕ್ಕೆ ಹಾಕಲು ಬಗ್ಗಿದವಳು ಅರ್ಧಕ್ಕೆ ನಿಂತಳು. ಇನ್ನೊಂದು ಮಾತು ಉಳಿದಿದೆ, ಅದನ್ನೂ ಒಪ್ಪಿಸಿಬಿಡುತ್ತೇನೆ ಅಂದಳು. ಹೆಂಡತಿಯನ್ನು ಯಾಕೆ ಹೆಸರು ಹಿಡಿದು ಕರೆಯುವುದಿಲ್ಲ, ಓಣಿಯವರೆಲ್ಲ ಆಡಿಕೊಳ್ಳುತ್ತಾರಲ್ಲ ಎಂದು ಆಕೆ ಅವನನ್ನು ಒಮ್ಮೆ ಕೇಳಿದ್ದಳಂತೆ.

"ಬ್ಯಾರೆಯವನ ದನಿಯೊಳಗ ಆಕಿನ್ನ ಹ್ಯಾಂಗ ಕರೀಲಿ ಅಂದ."

ಮಣ್ಣು ಮೊರಕ್ಕೆ ಬಿತ್ತು. ದಂಡಿನವನ ಹೆಂಡತಿ ಎದ್ದು ನಿಂತಳು, ನಿಲ್ಲಲು ಆಗದೆ ಕೈ ಚಾಚಿದಳು, ಕೈಗೆ ಸಿಕ್ಕಿದ್ದು ಕುಂಬಾರಗಿತ್ತಿಯ ಹೆಗಲು. ಅದನ್ನೇ ಹಿಡಿದುಕೊಂಡು ಹೊಸ್ತಿಲು ದಾಟಿದಳು.

ಹೆಣ ಎತ್ತಿದರು. ಅವನು ತುಳಿದು ಬಡಿದ ಮಾಳಿಗೆಗಳ ಕೆಳಗಿನಿಂದ, ಓಣಿಯಿಂದ ಓಣಿಗೆ, ಅಗಸೆಯ ತನಕ ಬಂದರು. ಮೊರ ಹೊತ್ತ ಮಗಳು ಹಿಂದೆ ಬಂದಳು. ಗೂಡಿನ ಮುಂದೆ ಅವನನ್ನು ಇಳಿಸಿದರು. ಕುಡಿಕೆಯನ್ನು ತೆಗೆಯಬೇಕಾದದ್ದು ಯಾರು ಎಂದು ಹಿರಿಯ ಸುತ್ತ ನೋಡಿದ. ಹೆಂಡತಿ ಕುಂಬಾರಗಿತ್ತಿಯ ಕಡೆಗೆ ಕೈ ಮಾಡಿದಳು. ಎಷ್ಟೋ ಕಾಲದ ಮೇಲೆ ಕುಂಬಾರಗಿತ್ತಿ ಅಗಸೆಯ ಗೂಡಿಗೆ ಕೈ ಹಾಕಿ ಕುಡಿಕೆಯನ್ನು ಇಳಿಸಿ, ಸೆರಗಿನಿಂದ ಒರೆಸಿ ಕೊಟ್ಟಳು.

ದಂಡಿನವನ ಹೆಂಡತಿ ಕೊನೆಯ ಸಲ ಬಳೆಯ ಗುರುತನ್ನು ಮುಟ್ಟಿದಳು. ಮದುವೆಯ ವರ್ಷದ ಓಣಿ ಕಣ್ಣ ಮುಂದೆ ಬಂತು, ಒಲೆಯ ಮುಂದೆ ಕಿವಿ ಆನಿಸಿ ಕೂರುತ್ತಿದ್ದ ಆ ಹುಡುಗಿ ಬಂದಳು. ಕಣ್ಣು ಮುಚ್ಚಿ, ಕುಡಿಕೆಯನ್ನು ಅಗಸೆಯ ಕಲ್ಲಿಗೆ ಒಡೆದಳು.

"ನಿಂಬೆವ್ವಾ!"

ಓಣಿಯ ತುದಿಯಿಂದ ಕೂಗಿದ ಹಾಗೆ ಬಂತು. ತೆಳ್ಳನೆಯ ದನಿ, ನಗೆ ತುಂಬಿದ ದನಿ, ಆಗತಾನೇ ಮೀಸೆ ಮೂಡುತ್ತಿರುವ ಯಾರೋ ಹುಡುಗನದು. ಆಕೆ ಯಾರು ಕರೆದದ್ದು ಎಂದು ಹಿಂದೆ ತಿರುಗಿ ನೋಡಿದಳು. ಜನರ ನಡುವೆ ಆ ಹುಡುಗನನ್ನು ಹುಡುಕಿದಳು.

"ಯಾರಬೇ ಅದು?" ಎಂದು ಮಗಳು ಕೇಳಿದಳು.

ನಿಮ್ಮಪ್ಪ ಅನ್ನಲು ಆಕೆ ಬಾಯಿ ತೆರೆದಳು, ಅನ್ನಲಾಗಲಿಲ್ಲ. ಇಷ್ಟು ಕಾಲ ಹಣತೆ ಹಚ್ಚಿ ಕಾದ ದನಿ ಅದು, ಬಂದಿತ್ತು, ಆಕೆಗೆ ಅದರ ಗುರುತು ಸಿಗಲಿಲ್ಲ. ಮಕ್ಕಳಿಗೆ ಜೋಗುಳ ಹಾಡಿದ್ದು ಅದಲ್ಲ. ಜ್ವರ ಬಂದಾಗ ಹಣೆಯ ಮೇಲೆ ಕೈಯಿಟ್ಟು ಗೊಣಗಿದ್ದು ಅದಲ್ಲ. ನಿನ್ನೆ ಮಾಳಿಗೆಯ ಮೇಲಿನಿಂದ ಕೆಮ್ಮಿದ್ದು, ಇವತ್ತು ಕಟ್ಟೆಯ ಮೇಲಿನಿಂದ ಕರೆದದ್ದು ಅದಲ್ಲ. ಗಂಡನ ದನಿ ಬೇಕು, ಗಂಡನ ದನಿ ಬೇಕು ಅಂತ ಪರಿತಪಿಸಿದ ವರ್ಷಗಳಲ್ಲೆಲ್ಲ ಗಂಡನ ದನಿ ಮನೆಯಲ್ಲೇ ಇತ್ತು. ಅದು ಹೋಗಿದ್ದು ಇವತ್ತು, ಬಿಸಿಲು ಏರುವ ಹೊತ್ತಿಗೆ, ಆಕೆ ತಂಬಿಗೆ ತುಂಬುವಾಗ.

ಆದರೂ ಕರೆದ ಹುಡುಗ ಕಾಯುತ್ತಿದ್ದ. ಬಹಳ ಕಾಲದಿಂದ ಕಾಯುತ್ತಿದ್ದ, ಪಾಪ. ಆಕೆ ಅವನಿಗೆ, ಓಣಿಯ ತುದಿಗೆ ಕೇಳಿಸುವಂತೆ, "ಓ" ಅಂದಳು. ಗಾಳಿಯಲ್ಲಿ ಉಳಿದದ್ದೇನೋ ಅಗಸೆ ದಾಟಿ ಹೋಯಿತು.

ಇನ್ನು ಆಕೆ ಒಪ್ಪಿಸಬೇಕಾದ ಮಾತು ಉಳಿದಿತ್ತು. ಬಗ್ಗಿ ಒಡೆದ ಕುಡಿಕೆಯ ಮಣ್ಣನ್ನು ಮುಷ್ಟಿಯಲ್ಲಿ ತೆಗೆದುಕೊಂಡಳು, ಬಳೆಯ ಗುರುತಿನ ಚೂರೂ ಅದರಲ್ಲಿತ್ತು. ಅವನ ಮುಖದ ಹತ್ತಿರ ಕುಳಿತಳು. ಅವನು ಆಡಿದ್ದನ್ನು ಅವನು ಆಡಿದ ಹಾಗೆ, ಆ ಗಡಸಿನಲ್ಲಿ, ಆ ಎಳೆತದಲ್ಲಿ ಅವನಿಗೇ ಒಪ್ಪಿಸಿದಳು.

"ಕೇಳಿಸಿತೇನ?"

ಒಪ್ಪಿಸಿದವರು ಅಲ್ಲಿಗೆ ಸುಮ್ಮನಾಗಬೇಕು, ಮೇಲೆ ಒಂದು ಅಕ್ಷರ ಸೇರಿಸಬಾರದು, ಅದು ಊರ ಕಟ್ಟಳೆ. ಮುಷ್ಟಿ ಬಿಚ್ಚಿ ಮಣ್ಣನ್ನು ಮೊರಕ್ಕೆ ಹಾಕಿದ ಮೇಲೂ ಆಕೆ ಏಳಲಿಲ್ಲ. ಇನ್ನಷ್ಟು ಬಗ್ಗಿ, ಅವನ ಕಿವಿಯಲ್ಲಿ, ಅವನಿಗೆ ಎಂದೂ ಕೊಡದೇ ಉಳಿಸಿಕೊಂಡದ್ದನ್ನು ಕೊಟ್ಟಳು.

"ಓ" ಅಂದಳು.

ಹಿರಿಯನಿಗೆ ಕೇಳಿಸಿತು, ಅವನು ಬಗ್ಗಿ ಮೊರವನ್ನು ಎತ್ತಿ ಮಗಳಿಗೆ ಕೊಟ್ಟ. ಮಗ ಬಂದು ಆಕೆಯನ್ನು ಎಬ್ಬಿಸಿದ, ಹೆಣವನ್ನು ಮತ್ತೆ ಹೆಗಲಿಗೆ ಏರಿಸಿಕೊಂಡು ಎಲ್ಲರೂ ಕುಣಿಯ ಕಡೆಗೆ ನಡೆದರು.